ಹವಾಯಿಯಲ್ಲೊಂದು ದನಗಾಹಿಗಳ ಊರು

ಪ್ರಶ್ನೆ: ಕೌಬಾಯ್‌ಗಳೆಂದರೆ ಟೆಕ್ಸಾಸಿನವರೆಂದೇ ತಿಳಿದಿದ್ದೆ. ಹವಾಯಿಯಲ್ಲಿಯೂ ಕುದುರೆಯೇರಿ ದನ ಕಾಯುವವರ ಹಳೆಯ ಊರೊಂದಿದೆಯೆಂದು ಇತ್ತೀಚೆಗೆ ಓದಿದೆ. ಕಡಲ ನಡುವಿನ ದ್ವೀಪಕ್ಕೆ ದನಗಳು ಬಂದದ್ದು ಹೇಗೆ? ಆ ಕಸುಬು ಈಗಲೂ ಉಳಿದಿದೆಯೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ನೀವು ಓದಿದ್ದು ಹವಾಯಿಯ ಅತಿ ದೊಡ್ಡ ದ್ವೀಪದಲ್ಲಿ, ಮೌನಾ ಕೆಯಾ ಪರ್ವತದ ತಪ್ಪಲಿನಲ್ಲಿರುವ ವೈಮೆಯಾ ಎಂಬ ಊರಿನ ವಿಷಯವಿರಬೇಕು. ಮೊದಲು ಆ ದ್ವೀಪಗಳಲ್ಲಿ ದನಗಳೇ ಇರಲಿಲ್ಲ. ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ವ್ಯಾಂಕೂವರ್ 1793ರಲ್ಲಿ ಕ್ಯಾಲಿಫೋರ್ನಿಯಾದಿಂದ ಕೆಲವು ದನಗಳನ್ನು ತಂದು ದೊರೆ ಮೊದಲನೆಯ ಕಮೆಹಮೆಹನಿಗೆ ಕಾಣಿಕೆಯಾಗಿ ಒಪ್ಪಿಸಿದನು. ಸಂತತಿ ಹೆಚ್ಚಲೆಂದು ದೊರೆ ಅವುಗಳನ್ನು ಕೊಲ್ಲಬಾರದೆಂದು ಕಟ್ಟಪ್ಪಣೆ ಮಾಡಿದನು. ಹುಲಿ, ಚಿರತೆಗಳ ಭಯವಿಲ್ಲದ ಆ ನೆಲದಲ್ಲಿ ಮಂದೆ ಕೈಮೀರಿ ಬೆಳೆಯಿತು. ದನಗಳು ಕಾಡು ಸೇರಿ, ಕೆಸು-ಗೆಣಸಿನ ತೋಟಗಳನ್ನು ಹಾಳುಗೆಡವಿ, ಮನುಷ್ಯರ ಮೇಲೂ ಏರಿಬರತೊಡಗಿದವು. ಹೊಲ ಉಳಿಸಿಕೊಳ್ಳಲು ಜನರು ಕಲ್ಲಿನ ಗೋಡೆಗಳನ್ನು ಕಟ್ಟಬೇಕಾಯಿತು.

ಮ್ಯಾಸಚೂಸೆಟ್ಸಿನಿಂದ ಬಂದಿದ್ದ ನಾವಿಕ ಜಾನ್ ಪಾಮರ್ ಪಾರ್ಕರ್ ದೊರೆಯ ಅನುಮತಿ ಪಡೆದು ಈ ಕಾಡುದನಗಳನ್ನು ಬೇಟೆಯಾಡಿ, ಉಪ್ಪು ಹಾಕಿದ ಮಾಂಸ, ಚರ್ಮ ಮತ್ತು ಕೊಬ್ಬನ್ನು ಹಡಗುಗಳಿಗೆ ಮಾರುವ ವ್ಯಾಪಾರ ಬೆಳೆಸಿದನು. ರಾಜಮನೆತನದ ಕಿಪಿಕಾನೆಯನ್ನು ಮದುವೆಯಾದ ಆತ 1847ರಲ್ಲಿ ಕೇವಲ 2 ಎಕರೆಯಿಂದ ಆರಂಭಿಸಿದ ಪಾರ್ಕರ್ ರ‍್ಯಾಂಚ್ ಎಂಬ ದನಸಾಕಣೆಯ ಜಮೀನು ಮುಂದೆ ಲಕ್ಷಾಂತರ ಎಕರೆಗೆ ಹಬ್ಬಿತು. ಈ ಊರಿನ ಚರಿತ್ರೆಯನ್ನು ಸಾಮಾನ್ಯವಾಗಿ ಪಾರ್ಕರ್ ಮನೆತನದ ಚರಿತ್ರೆಯಾಗಿಯೇ ಹೇಳುತ್ತಾರೆ. ಆದರೆ ಅದನ್ನು ಕಟ್ಟಿದ್ದು ಪಾನಿಯೋಲೋಗಳೆಂದು ಕರೆಯಲ್ಪಡುವ ಸ್ಥಳೀಯ ದನಗಾಹಿಗಳ ದುಡಿಮೆ ಎಂಬುದೇ ನನ್ನ ದೃಢವಾದ ಅಭಿಪ್ರಾಯ.

1830ರ ದಶಕದಲ್ಲಿ, ಆಗ ಮೆಕ್ಸಿಕೋಗೆ ಸೇರಿದ್ದ ಕ್ಯಾಲಿಫೋರ್ನಿಯಾದಿಂದ ಬಂದ ದನಗಾಹಿಗಳು ಹವಾಯಿಯನ್ನರಿಗೆ ಕುದುರೆ ಸವಾರಿಯನ್ನೂ, ಹಸಿಚರ್ಮದ ಎಳೆಗಳನ್ನು ಹೆಣೆದು ಮಾಡಿದ ಕುಣಿಕೆ ಹಗ್ಗವನ್ನು ಬೀಸುವುದನ್ನೂ ಕಲಿಸಿದರು. ಟೆಕ್ಸಾಸಿನ ಹೆಸರಾಂತ ದನದ ಮಂದೆಗಳು ಉತ್ತರದ ರೈಲುನಿಲ್ದಾಣಗಳತ್ತ ಹೊರಟದ್ದು ಇದಾದ ಮೂರು ದಶಕಗಳ ಬಳಿಕ. ದ್ವೀಪದಲ್ಲಿ ದನಗಳನ್ನು ಮಾರುಕಟ್ಟೆಗೆ ಸಾಗಿಸುವುದೇ ಒಂದು ಸಾಹಸವಾಗಿತ್ತು. ಕವೈಹೈ ತೀರದಲ್ಲಿ ಹಡಗು ದಡಕ್ಕೆ ಬರುವಂತಿರಲಿಲ್ಲವಾದ್ದರಿಂದ, ಸವಾರನು ದನಕ್ಕೆ ಕುಣಿಕೆ ಹಾಕಿ, ಕುದುರೆಯೊಂದಿಗೆ ಅಲೆಗಳಿಗಿಳಿದು, ಅದನ್ನು ಈಜಿಸುತ್ತಾ ದೋಣಿಯವರೆಗೆ ಎಳೆದೊಯ್ಯುತ್ತಿದ್ದನು. ದೋಣಿಯ ಎರಡೂ ಅಂಚುಗಳಿಗೆ ದನಗಳ ತಲೆಗಳನ್ನು ಬಿಗಿದು, ಮೂತಿ ನೀರಿನ ಮೇಲಿರುವಂತೆ ನೋಡಿಕೊಂಡು ಹಡಗಿನ ಬಳಿಗೆ ಒಯ್ಯುತ್ತಿದ್ದರು. ಅಲ್ಲಿ ಹೊಟ್ಟೆಯಡಿ ಪಟ್ಟಿ ತೊಡಿಸಿ, ಒಂದೊಂದಾಗಿ ಮೇಲಕ್ಕೆತ್ತಿಕೊಳ್ಳುತ್ತಿದ್ದರು.

ಇಂಥ ಕೆಲಸದಲ್ಲಿ ಪಳಗಿದ್ದ ವೈಮೆಯಾದ ಇಕುವಾ ಪರ್ಡಿ 1908ರಲ್ಲಿ ವಯೋಮಿಂಗ್‌ನ ಶಯೆನ್‌ನಲ್ಲಿ, ಎರವಲು ಪಡೆದ ಕುದುರೆಯ ಮೇಲೆ ಕುಳಿತು, 56 ಸೆಕೆಂಡುಗಳಲ್ಲಿ ಹೋರಿಯನ್ನು ಕೆಡವಿ ಕಟ್ಟಿ, ಜಾಗತಿಕ ಪ್ರಶಸ್ತಿ ಗೆದ್ದನು. ಅವನೊಂದಿಗೆ ಹೋಗಿದ್ದ ಆರ್ಚಿ ಕಾವುವಾ ಮೂರನೆಯ ಸ್ಥಾನ ಪಡೆದನು.

ಕಸುಬು ಇಂದಿಗೂ ಇದೆ. ರ‍್ಯಾಂಚಿನ ಕೊನೆಯ ಒಡೆಯ ರಿಚರ್ಡ್ ಸ್ಮಾರ್ಟ್ 1992ರಲ್ಲಿ ತೀರಿಕೊಂಡಾಗ ಅದನ್ನು ಒಂದು ಟ್ರಸ್ಟಿಗೆ ಬಿಟ್ಟುಹೋದರು; ಅದರ ಆದಾಯ ವೈಮೆಯಾದ ಆಸ್ಪತ್ರೆಗೂ ಶಾಲೆಗಳಿಗೂ ಸಲ್ಲುತ್ತದೆ. ಈಗ ಸುಮಾರು 1,30,000 ಎಕರೆ ಉಳಿದಿದೆ. ಆದರೆ ದ್ವೀಪದಲ್ಲಿ ಮೇವಿನ ಧಾನ್ಯ ದುಬಾರಿಯಾದ ಕಾರಣ ಹವಾಯಿಯ ಬಹುಪಾಲು ಕರುಗಳನ್ನು ಕೊಬ್ಬಿಸುವುದಕ್ಕಾಗಿ ಅಮೆರಿಕದ ಮುಖ್ಯ ಭೂಭಾಗಕ್ಕೆ ಕಳುಹಿಸುತ್ತಾರೆ.