ಇಟಲಿಯ ನೇಪಲ್ಸ್‌ನ ಡುಯೊಮೊ (ಊರಿನ ಮುಖ್ಯ ಚರ್ಚು) ನೋಡುವಂಥದ್ದಾ? ಅಲ್ಲಿ ಸಂತರ ರಕ್ತ ಕರಗುತ್ತೆ ಅಂತಾರಲ್ಲ, ಏನದು?

ಪಾಂಪೆಗೆ ಹೋಗುವ ಮುಂಚೆ ನೇಪಲ್ಸ್‌ನಲ್ಲಿ ಅರ್ಧ ದಿನ ಸಿಗುತ್ತೆ, ಪಿಜ್ಜಾ ತಿನ್ನಲಾ ಚರ್ಚು ನೋಡಲಾ ಅಂತ ಕೇಳಿದ್ದೀರಿ. ಎರಡೂ ಆಗುತ್ತದೆ. ಪಿಜ್ಜಾ ಅಂಗಡಿಗಳಿರುವ ವಿಯಾ ದೇಯಿ ತ್ರಿಬುನಾಲಿ ಬೀದಿಯಿಂದ ಡುಯೊಮೊಗೆ ನಡೆದೇ ಹೋಗಬಹುದು.

ಹೊರಗಿನಿಂದ ನೋಡಿ ‘ಇಷ್ಟೇನಾ’ ಅಂದುಕೊಳ್ಳಬೇಡಿ. ಕಟ್ಟಡ ಹಳೆಯದು, ಆದರೆ ಮುಂಭಾಗ ಮುಗಿದದ್ದು 1905ರಲ್ಲಿ. ಒಳಗೆ ಹೋದ ಮೇಲೆ ಬಲಗಡೆ ನಡೆಯಿರಿ. ದೊಡ್ಡ ಲೋಹದ ಬಾಗಿಲಿನ ಆಚೆ ಇರುವುದೇ ಊರಿನ ರಕ್ಷಕ ಸಂತ ಸ್ಯಾನ್ ಜೆನ್ನಾರೊ ಅವರ ಚಾಪೆಲ್, ಅಂದರೆ ಚರ್ಚಿನೊಳಗಿನ ಪ್ರಾರ್ಥನಾ ಕೋಣೆ.

ಜೆನ್ನಾರೊ ನೇಪಲ್ಸ್‌ಗೆ ಬಿಷಪ್ ಆಗಿದ್ದವರಲ್ಲ, ಬೆನೆವೆಂಟೊ ಊರಿಗೆ. ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ, 305ರಲ್ಲಿ, ಪೊಝುವೊಲಿ ಹತ್ತಿರ ಇವರ ತಲೆ ಕಡಿದರಂತೆ. ಆಗ ಒಬ್ಬ ಹೆಂಗಸು ರಕ್ತವನ್ನು ಸೀಸೆಯಲ್ಲಿ ತುಂಬಿಟ್ಟಳು ಅನ್ನುವುದು ಕಥೆ. ಆದರೆ ಒಣಗಿ ಗಟ್ಟಿಯಾದ ಆ ರಕ್ತ ಕರಗಿ ನೀರಾದ ಮೊದಲ ದಾಖಲೆ ಸಿಗುವುದು 1389ರಲ್ಲಿ. ನಡುವೆ ಸಾವಿರ ವರ್ಷ ಯಾರೂ ಬರೆದಿಟ್ಟಿಲ್ಲ!

ನನಗೆ ರಕ್ತಕ್ಕಿಂತ ಜಾಸ್ತಿ ಹಿಡಿಸಿದ್ದು ಆ ಊರಿನವರು ಸಂತರ ಜೊತೆ ಇಟ್ಟುಕೊಂಡಿರುವ ವ್ಯವಹಾರ. 1527ರಲ್ಲಿ ಪ್ಲೇಗು, ಯುದ್ಧ ಎರಡೂ ಒಟ್ಟಿಗೆ ಬಂದಾಗ ಊರಿನವರು ಹರಕೆ ಹೊತ್ತರು: ನಮ್ಮನ್ನು ಕಾಪಾಡು, ನಿನಗೊಂದು ಚಾಪೆಲ್ ಕಟ್ಟಿಸುತ್ತೇವೆ. ಸುಮ್ನೆ ಬಾಯಿಮಾತಲ್ಲ, ನೋಟರಿ ಮುಂದೆ ಪತ್ರ ಬರೆಸಿದರು. ಎದುರು ಪಕ್ಷದವರು ತೀರಿಕೊಂಡು ಹನ್ನೆರಡು ಶತಮಾನ ಆಗಿತ್ತು, ಅಷ್ಟೇ. ಕೆಲಸ ಶುರುವಾದದ್ದು 1608ರಲ್ಲಿ. ಇವತ್ತಿಗೂ ಆ ಚಾಪೆಲ್ ಊರಿನ ಆಸ್ತಿ, ನೋಡಿಕೊಳ್ಳುವುದು ಪಾದ್ರಿಗಳಲ್ಲದ ಒಂದು ಮಂಡಳಿ. ಸೀಸೆ ಇಟ್ಟ ಕಪಾಟಿಗೆ ಎರಡು ಬೀಗದಕೈ, ಒಂದು ಆರ್ಚ್‌ಬಿಷಪ್ ಹತ್ತಿರ, ಇನ್ನೊಂದು ಮಂಡಳಿ ಹತ್ತಿರ.

ವರ್ಷಕ್ಕೆ ಮೂರು ಸಲ ಅದನ್ನು ಹೊರಗೆ ತೆಗೆಯುತ್ತಾರೆ: ಮೇ ಮೊದಲ ಭಾನುವಾರದ ಹಿಂದಿನ ದಿನ, ಸೆಪ್ಟೆಂಬರ್ 19, ಡಿಸೆಂಬರ್ 16. ನಾನು ಸೆಪ್ಟೆಂಬರ್‌ನಲ್ಲಿ ಹೋಗಿದ್ದೆ. ಮುಂದಿನ ಸಾಲುಗಳಲ್ಲಿ ‘ಸಂತರ ನೆಂಟರು’ ಅನ್ನಿಸಿಕೊಂಡ ಅಜ್ಜಿಯರು. ಪ್ರಾರ್ಥನೆ ಹಾಡುತ್ತಾರೆ. ರಕ್ತ ಕರಗುವುದು ತಡವಾದರೆ ‘ಏ ಹಳದಿ ಮುಖದವನೇ’ ಅಂತ ಬೈಯುವುದೂ ಉಂಟು. ಸಂತರ ಮೂರ್ತಿಗೆ ಚಿನ್ನದ ಲೇಪ ಇದೆಯಲ್ಲ, ಅದಕ್ಕೆ. ನಮ್ಮ ದಾಸರೂ ದೇವರನ್ನು ಬೈದು ಹಾಡಿದವರೇ ಅಲ್ವಾ, ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಸೀಸೆಯನ್ನು ಒಳಗಿಟ್ಟ, ಹಿಡಿಕೆಯುಳ್ಳ ದುಂಡನೆ ಗಾಜಿನ ಪೆಟ್ಟಿಗೆಯನ್ನು ಪಾದ್ರಿ ಮೆಲ್ಲಗೆ ಓರೆ ಮಾಡುತ್ತಾರೆ. ಒಳಗಿನ ಕಪ್ಪು ಗಟ್ಟಿ ಅಲುಗಾಡಿ ಹರಿದರೆ, ಪಕ್ಕದಲ್ಲಿ ನಿಂತವರು ಬಿಳಿ ಕರ್ಚೀಫು ಬೀಸುತ್ತಾರೆ. ಚಪ್ಪಾಳೆಯೋ ಚಪ್ಪಾಳೆ.

ಸಂತರನ್ನು ಕೆಲಸದಿಂದ ತೆಗೆದದ್ದೂ ಇದೆ. 1799ರಲ್ಲಿ ಫ್ರೆಂಚ್ ಸೇನೆ ಊರು ಹಿಡಿದಾಗ ರಕ್ತ ಕರಗಿಬಿಟ್ಟಿತು. ಶತ್ರುಗಳಿಗೆ ಒಲಿದ ಅಂತ ಸಿಟ್ಟಾಗಿ, ಫ್ರೆಂಚರು ಹೋದ ಮೇಲೆ ಸಂತ ಆಂಟನಿಯನ್ನು ಆ ಜಾಗಕ್ಕೆ ತಂದರು. ಜೆನ್ನಾರೊಗೆ ಪದವಿ ವಾಪಸ್ ಸಿಕ್ಕಿದ್ದು ಆಮೇಲೆ.

ನಿಜಕ್ಕೂ ರಕ್ತವಾ ಅಂತ ಕೇಳಿದ್ದೀರಿ. 1991ರಲ್ಲಿ ಇಟಲಿಯ ರಸಾಯನಶಾಸ್ತ್ರಜ್ಞರು, ಅಲುಗಾಡಿಸಿದರೆ ನೀರಾಗಿ ಸುಮ್ಮನಿಟ್ಟರೆ ಗಟ್ಟಿಯಾಗುವ ಒಂದು ಕಂದು ಜೆಲ್ ತಯಾರಿಸಿ ತೋರಿಸಿದರು. ಅದಕ್ಕೆ ಬೇಕಾದ ವಸ್ತುಗಳು ಮಧ್ಯಯುಗದಲ್ಲೂ ಸಿಗುತ್ತಿದ್ದವು. ಸೀಸೆ ತೆರೆದು ಪರೀಕ್ಷೆ ಮಾಡಲು ಮಾತ್ರ ಬಿಟ್ಟಿಲ್ಲ. ನನಗೆ ಜೆಲ್ ವಾದವೇ ಸರಿ ಅನ್ನಿಸುತ್ತದೆ, ಆದರೆ ಅಜ್ಜಿಯರ ಮುಂದೆ ಹೇಳೋಕೆ ಹೋಗಬೇಡಿ.

ನೀವು ಹೋಗುವುದು ಮಾಮೂಲಿ ದಿನ, ಸೀಸೆ ಕಾಣುವುದಿಲ್ಲ. ಬೇಜಾರಿಲ್ಲ, ಜನ ಕಡಿಮೆ ಇರುತ್ತಾರೆ, ಚಾಪೆಲ್ ಆರಾಮಾಗಿ ನೋಡಬಹುದು. ಚಿತ್ರಕಾರ ರಿಬೇರಾ ತಾಮ್ರದ ತಗಡಿನ ಮೇಲೆ ಬಿಡಿಸಿದ ಚಿತ್ರ ತಪ್ಪಿಸಬೇಡಿ: ಕುಲುಮೆಯಿಂದ ಜೆನ್ನಾರೊ ಕೂದಲೂ ಕೊಂಕದೆ ಹೊರಬರುತ್ತಿದ್ದಾರೆ, ಸುತ್ತಲಿನವರು ಹೆದರಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ. ಡುಯೊಮೊದ ಎಡಗಡೆ ಸಾಂತಾ ರೆಸ್ತಿತೂತಾ ಅನ್ನುವ ಇನ್ನೂ ಹಳೆಯ ಚರ್ಚಿದೆ, ಅದರ ಜ್ಞಾನಸ್ನಾನದ ಕೋಣೆಯ ಮೊಸಾಯಿಕ್ ನೋಡಿ. ಮಧ್ಯಾಹ್ನ ಬಾಗಿಲು ಹಾಕುವುದುಂಟು, ಬೆಳಿಗ್ಗೆಯೇ ಹೋಗಿಬಿಡಿ. ಪಿಜ್ಜಾ ಆಮೇಲೆ.