ಬಾಹ್ಯಾಕಾಶ ನೌಕೆಯ ದಿಕ್ಕಿಗೆ ಎರಡು ಸಂಖ್ಯೆ ಯಾಕೆ?

‘ಸ್ಟಾರ್ ಟ್ರೆಕ್’ ಅನ್ನೋ ಬಾಹ್ಯಾಕಾಶ ಕಥೆಗಳ ಟಿವಿ ಸರಣಿಯಲ್ಲಿ ‘45 ಮಾರ್ಕ್ 20’ ಅನ್ನೋ ಥರ ದಿಕ್ಕು ಹೇಳುತ್ತಾರಲ್ಲ, ಅವು ಎರಡು ಕೋನಗಳು. ಮೊದಲನೆಯದು ಅಡ್ಡಕ್ಕೆ ಎಷ್ಟು ಡಿಗ್ರಿ ತಿರುಗಬೇಕು ಎಂದು ಹೇಳುತ್ತದೆ. ‘ಮಾರ್ಕ್’ ಆದಮೇಲಿನದು ಎಷ್ಟು ಡಿಗ್ರಿ ಮೇಲಕ್ಕೆ ಎಂದು. ಸಮುದ್ರದ ಹಡಗು ನೀರಿನ ಮೇಲಷ್ಟೇ ಸಾಗುತ್ತದೆ, ಅದಕ್ಕೆ ಒಂದೇ ಕೋನ ಸಾಕು. ಬಾಹ್ಯಾಕಾಶ ನೌಕೆ ಮೇಲಕ್ಕೂ ಕೆಳಕ್ಕೂ ಹೋಗಬಹುದು ಅಲ್ವಾ, ಹಾಗಾಗಿ ಎರಡು ಬೇಕು.

ನನಗೆ ತುಂಬ ಇಷ್ಟವಾಗುವ ಪ್ರಶ್ನೆ ಬೇರೆ: ಸೊನ್ನೆ ಎಲ್ಲಿಂದ ಶುರು? ಅಲ್ಲಿ ಉತ್ತರ ದಿಕ್ಕೇ ಇಲ್ಲ. ನೌಕೆಯ ಮೂತಿಯನ್ನೇ ಸೊನ್ನೆ ಎಂದುಕೊಂಡರೆ ‘ಶತ್ರು ನಮ್ಮ ಬಲಕ್ಕಿದ್ದಾನೆ’ ಎಂದು ಹೇಳುವುದು ಸುಲಭ. ಆದರೆ ನೌಕೆ ತಿರುಗಿದರೆ ಆ ಸಂಖ್ಯೆಯೂ ಬದಲಾಗುತ್ತದೆ. ಎಲ್ಲ ನೌಕೆಗಳಿಗೂ ಒಂದೇ ಅರ್ಥ ಬರಬೇಕಾದರೆ ಹೊರಗಿನ ಗುರುತು ಬೇಕು. ಸ್ಟಾರ್ ಟ್ರೆಕ್ ಅದಕ್ಕೆ ನಮ್ಮ ಗ್ಯಾಲಕ್ಸಿಯಾದ ಕ್ಷೀರಪಥದ ಕೇಂದ್ರವನ್ನು ಹಿಡಿಯುತ್ತದೆ. ಇದು ಸುಮ್ನೆ ಕಟ್ಟಿದ ಕಲ್ಪನೆಯಲ್ಲ. ನಿಜವಾದ ಖಗೋಳ ವಿಜ್ಞಾನಿಗಳ ಒಂದು ಪದ್ಧತಿಯಲ್ಲೂ ಸೂರ್ಯನಿಂದ ಆ ಕೇಂದ್ರದ ಕಡೆಗಿನ ದಿಕ್ಕೇ ಸೊನ್ನೆ, ಮೇಲೆ-ಕೆಳಗೆ ಅಳೆಯಲು ಕ್ಷೀರಪಥದ ಚಪ್ಪಟೆ ತಟ್ಟೆಯೇ ನೆಲ.

ಇಷ್ಟಾದರೂ ಗೊತ್ತಾಗಿದ್ದು ದಿಕ್ಕು ಮಾತ್ರ. ಜಾಗ ಹೇಳಲು ಮೂರನೆಯ ಸಂಖ್ಯೆ, ಅಂದರೆ ದೂರ ಬೇಕೇ ಬೇಕು. ಆಕಾಶದಲ್ಲಿ ಪಕ್ಕಪಕ್ಕ ಕಾಣುವ ಎರಡು ನಕ್ಷತ್ರಗಳ ನಡುವೆ ನೂರಾರು ಜ್ಯೋತಿರ್ವರ್ಷ ಅಂತರ ಇರಬಹುದು. ಕಥೆಗಳಲ್ಲಿ ಈ ದೂರವನ್ನು ಜಾಸ್ತಿ ಸಲ ಹೇಳದೇ ಬಿಡುತ್ತಾರೆ.