ಡೇಟಾಬೇಸ್ ಹೊಸ ವರ್ಷನ್‌ಗೆ ಹೋದ್ರೆ ಸ್ಪೀಡ್ ಆಗತ್ತಾ?

ಪ್ರಶ್ನೆ: ಶಿರಸಿ ಹತ್ರ ಒಂದು ಅಡಿಕೆ ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ಕೆಲಸ ನೋಡ್ಕೊಳ್ತೀನಿ. ಸಾಫ್ಟ್‌ವೇರ್ ಪಿಎಚ್‌ಪಿಲಿ ಇದೆ, ಡೇಟಾಬೇಸ್ ಮೈಎಸ್‌ಕ್ಯೂಎಲ್ 5.7, ಸರ್ವರ್‌ಗೆ 8 ಜಿಬಿ ರ‍್ಯಾಮ್. ಒಬ್ಬ ಸದಸ್ಯರ ವರ್ಷದ ಲೆಡ್ಜರ್ ತೆಗೆಯೋಕೆ ಎರಡು ನಿಮಿಷದ ಮೇಲೆ ಹಿಡಿಯತ್ತೆ, ಮಾರ್ಚ್ ಕೊನೇಲಂತೂ ಕೌಂಟರ್ ಮುಂದೆ ಜನ ನಿಂತೇ ಇರ್ತಾರೆ. ಸಾಫ್ಟ್‌ವೇರ್ ಮಾಡಿಕೊಟ್ಟವರು ವರ್ಷನ್ 8ಕ್ಕೆ ಅಪ್‌ಗ್ರೇಡ್ ಮಾಡಿದ್ರೆ ಎಲ್ಲಾ ಸರಿಹೋಗತ್ತೆ ಅಂತಾರೆ, ಅದಕ್ಕೆ ಬೇರೆ ದುಡ್ಡು ಕೇಳ್ತಿದಾರೆ. ಕಮಿಟಿಯವರು ನನ್ನ ಅಭಿಪ್ರಾಯ ಕೇಳಿದಾರೆ. ಮಾಡಿಸ್ಬೇಕಾ?

ಉತ್ತರ: ಮಾಡಿಸಿ, ಆದ್ರೆ ಲೆಡ್ಜರ್ ಬೇಗ ಬರತ್ತೆ ಅನ್ನೋ ಆಸೆಗೆ ಮಾತ್ರ ಬೇಡ. 5.7ಕ್ಕೆ 2023ರ ಅಕ್ಟೋಬರ್‌ಗೇ ಸಪೋರ್ಟ್ ಮುಗೀತು, ಸೆಕ್ಯುರಿಟಿ ಪ್ಯಾಚ್ ಇಲ್ಲದ ಡೇಟಾಬೇಸ್‌ನಲ್ಲಿ ಸದಸ್ಯರ ದುಡ್ಡಿನ ಲೆಕ್ಕ ಇಟ್ಕೊಳ್ಳೋದು ತಪ್ಪು, ಅಪ್‌ಗ್ರೇಡ್‌ಗೆ ಆ ಒಂದು ಕಾರಣ ಸಾಕು. ನಿಧಾನ ಯಾಕೆ ಅನ್ನೋದು ಬೇರೇನೇ ಪ್ರಶ್ನೆ, ಅದಕ್ಕೆ ಬೇರೆಯಾಗಿಯೇ ಉತ್ತರ ಹುಡುಕ್ಬೇಕು. ಎರಡನ್ನೂ ಒಂದೇ ದಿನ ಒಂದೇ ಬಿಲ್‌ನಲ್ಲಿ ಮಾಡಿಸಿದ್ರೆ ಯಾವುದರಿಂದ ಏನಾಯ್ತು ಅಂತ ಕೊನೇವರೆಗೂ ಗೊತ್ತಾಗಲ್ಲ.

ನಾನು ಇದನ್ನ ಅನುಭವಿಸಿಯೇ ಹೇಳ್ತಿದೀನಿ. ಒಂದು ಹೋಲ್‌ಸೇಲ್ ಅಂಗಡಿಯ ಬಿಲ್ಲಿಂಗ್ ಹೀಗೇ ನಿಧಾನ ಆಗಿತ್ತು, ಹೊಸ ವರ್ಷನ್ ಅಂದ್ರೆ ಫಾಸ್ಟ್ ಇರತ್ತೆ ಅಂತ ನಂಬಿ ಒಂದು ಭಾನುವಾರ ಪೂರ್ತಿ ಕೂತು 5.7ರಿಂದ 8.0ಗೆ ಏರಿಸಿದೆ. ಮೊದಲಿಗೆ ಸರ್ವಿಸ್ಸೇ ಸ್ಟಾರ್ಟ್ ಆಗಲಿಲ್ಲ, ಹಳೇ ಕಾನ್ಫಿಗ್ ಫೈಲ್‌ನಲ್ಲಿ ಕ್ವೆರಿ ಕ್ಯಾಷ್ ಸೈಜ್ ಅಂತ ಒಂದು ಸಾಲಿತ್ತು (ಕ್ವೆರಿ ಅಂದ್ರೆ ಡೇಟಾಬೇಸ್‌ಗೆ ಕೇಳೋ ಪ್ರಶ್ನೆ, ಅದರ ಉತ್ತರ ನೆನಪಿಟ್ಕೊಳ್ಳೋದು ಕ್ವೆರಿ ಕ್ಯಾಷ್), 8.0ರಲ್ಲಿ ಕ್ವೆರಿ ಕ್ಯಾಷ್ ಅನ್ನೋದನ್ನೇ ತೆಗೆದುಹಾಕಿದಾರೆ, ಗೊತ್ತಿಲ್ಲದ ಸಾಲು ಕಂಡ್ರೆ ಅದು ಏಳಲ್ಲ. ಅದನ್ನ ಅಳಿಸಿ ಎಬ್ಬಿಸಿದ್ದಾಯ್ತು. ಸೋಮವಾರ ಬೆಳಿಗ್ಗೆ ನೋಡಿದ್ರೆ ಬಿಲ್ಲಿಂಗ್ ಇದ್ದಷ್ಟೇ ನಿಧಾನ, ಮೇಲಾಗಿ ಸ್ಟಾಕ್ ರಿಪೋರ್ಟ್‌ನಲ್ಲಿ ಐಟಂಗಳ ಕ್ರಮವೇ ಕಲಸಿಹೋಗಿತ್ತು. 5.7ರಲ್ಲಿ ಒಂದೇ ಥರದ ಸಾಲುಗಳನ್ನ ಗುಂಪು ಮಾಡೋ ಗ್ರೂಪ್ ಬೈ ಹಾಕಿದ್ರೆ ತಾನಾಗೇ ಸಾರ್ಟ್ ಆಗ್ತಿತ್ತು, 8.0ರಲ್ಲಿ ಆರ್ಡರ್ ಬೈ ಅಂತ ನಾವೇ ಬರೀಬೇಕು. ಅವತ್ತು ಅಂಗಡಿಯವರ ಮುಖ ನೋಡೋಕೆ ಕಷ್ಟ ಆಯ್ತು.

ಆಮೇಲೆ ಮಾಡಿದ್ದು ಮೊದಲೇ ಮಾಡ್ಬೇಕಿದ್ದ ಕೆಲಸ. ನಿಧಾನವಾದ ಕ್ವೆರಿಗಳನ್ನ ಬರೆದಿಡೋ ಸ್ಲೋ ಕ್ವೆರಿ ಲಾಗ್ ಆನ್ ಮಾಡಿದೆ. ಅದರ ಮಿತಿ ಡಿಫಾಲ್ಟ್ ಆಗಿ 10 ಸೆಕೆಂಡ್ ಇರತ್ತೆ, ಅದನ್ನ 1 ಸೆಕೆಂಡ್‌ಗೆ ಇಳಿಸಿ ಒಂದು ದಿನ ಬಿಟ್ಟೆ. ಸಂಜೆ ನೋಡಿದ್ರೆ ಲಾಗ್‌ನಲ್ಲಿ ತುಂಬಿಕೊಂಡಿದ್ದು ಹೆಚ್ಚುಕಮ್ಮಿ ಒಂದೇ ಕ್ವೆರಿ, ಗ್ರಾಹಕರ ನಂಬರ್ ಹಾಕಿ ಹಳೇ ಬಿಲ್ ಹುಡುಕೋದು. ಅದರ ಶುರುವಿನಲ್ಲಿ ಎಕ್ಸ್‌ಪ್ಲೇನ್ ಅಂತ ಸೇರಿಸಿ ಓಡಿಸಿದೆ, ಕ್ವೆರಿ ಯಾವ ದಾರೀಲಿ ಓಡತ್ತೆ ಅಂತ ಅದು ತೋರಿಸತ್ತೆ. ಟೈಪ್ ಅನ್ನೋ ಕಡೆ ಆಲ್ ಅಂತ ಬಂತು, ಅಂದ್ರೆ ಇಡೀ ಟೇಬಲ್ ಮೊದಲಿಂದ ಕೊನೇವರೆಗೂ ಓದ್ತಿದೆ ಅಂತ. ಪಾಸಿಬಲ್ ಕೀಸ್ ಕಡೆ ಇಂಡೆಕ್ಸ್ (ಬೇಕಾದ ಸಾಲಿಗೆ ನೇರ ಹೋಗೋಕೆ ಮಾಡಿಟ್ಟ ಪಟ್ಟಿ) ಹೆಸರು ಕಾಣಿಸ್ತಿದೆ, ಆದ್ರೆ ಪಕ್ಕದ ಕೀ ಕಡೆ ನಲ್! ಇಂಡೆಕ್ಸ್ ಇದ್ದೂ ಬಳಸ್ತಿಲ್ಲ. ಕಾರಣ ಏನಪ್ಪಾ ಅಂದ್ರೆ ಗ್ರಾಹಕರ ನಂಬರ್ ಕಾಲಮ್ ವಾರ್‌ಕ್ಯಾರ್, ಅಂದ್ರೆ ಪಠ್ಯ, ಪ್ರೋಗ್ರಾಂ ಮಾತ್ರ ಅದನ್ನ ಕೋಟ್ ಇಲ್ಲದ ಬರೀ ಸಂಖ್ಯೆ ಜೊತೆ ಹೋಲಿಸ್ತಿತ್ತು, ಹಾಗಾಗಿ ಪ್ರತಿ ಸಾಲನ್ನೂ ಸಂಖ್ಯೆಗೆ ಬದಲಾಯಿಸಿ ನೋಡ್ತಾ ಕೂತಿತ್ತು. ಪ್ರೋಗ್ರಾಂನಲ್ಲಿ ಆ ಸಂಖ್ಯೆ ಸುತ್ತ ಕೋಟ್ ಹಾಕಿದ್ವಿ ಅಷ್ಟೇ, ಎಂಟರ್ ಒತ್ತಿದ ಕೂಡ್ಲೇ ಬಿಲ್ ಬಂತು. ಈ ತಪ್ಪಿಗೆ 5.7 ಆದ್ರೂ ಅಷ್ಟೇ 8.0 ಆದ್ರೂ ಅಷ್ಟೇ.

ನಿಮ್ಮ ಲೆಡ್ಜರ್‌ನಲ್ಲೂ ಇಂಥದ್ದೇ ಏನೋ ಇರ್ಬಹುದು ಅಂತ ನನಗೆ ಬಲವಾದ ಅನುಮಾನ. ಸದಸ್ಯರ ನಂಬರ್ ಹೇಗೆ ಹೋಲಿಸಿದಾರೆ ನೋಡಿ, ಆಮೇಲೆ ತಾರೀಖು. ವರ್ಷ ಹುಡುಕೋಕೆ ಇಯರ್ ಅನ್ನೋ ಫಂಕ್ಷನ್ ಒಳಗೆ ತಾರೀಖಿನ ಕಾಲಮ್ ಹಾಕಿದ್ರೆ ಅಲ್ಲೂ ಇಂಡೆಕ್ಸ್ ಉಪಯೋಗಕ್ಕೆ ಬರಲ್ಲ, ಬದಲು 2024-04-01ರಿಂದ ಹಿಡಿದು 2025-04-01ಕ್ಕಿಂತ ಮುಂಚೆ ಅಂತ ಎರಡು ತಾರೀಖು ಕೊಡ್ಸಿ. ಸದಸ್ಯರ ನಂಬರ್ ಮತ್ತು ತಾರೀಖು ಎರಡೂ ಸೇರಿ ಒಂದು ಇಂಡೆಕ್ಸ್ ಇದ್ರಂತೂ ಬಹಳ ಒಳ್ಳೇದು, ನಂಬರ್ ಮೊದಲು ಬರ್ಲಿ.

ಇನ್ನೊಂದು, ಬಫರ್ ಪೂಲ್ ಎಷ್ಟಿದೆ ನೋಡಿ. ಡೇಟಾ ಮತ್ತು ಇಂಡೆಕ್ಸ್‌ನ ಮೆಮೊರಿಲಿ ಇಟ್ಕೊಳ್ಳೋ ಜಾಗ ಅದು, ಯಾರೂ ಮುಟ್ಟದಿದ್ರೆ 128 ಎಂಬಿ, 5.7ರಲ್ಲೂ ಅಷ್ಟೇ 8.0ರಲ್ಲೂ ಅಷ್ಟೇ. 8 ಜಿಬಿ ರ‍್ಯಾಮ್ ಹಾಕಿಸಿ 128 ಎಂಬಿಲಿ ಓಡಿಸ್ತಿರೋ ಸರ್ವರ್‌ಗಳನ್ನ ಎಷ್ಟೋ ಕಡೆ ನೋಡಿ ಹೊಟ್ಟೆ ಉರಿದಿದೆ. ಅದೇ ಮೆಷಿನ್‌ನಲ್ಲಿ ಪಿಎಚ್‌ಪಿನೂ ಇದ್ರೆ 4 ಜಿಬಿ ಕೊಡಿ, ಬಿಡಿಗಾಸು ಖರ್ಚಿಲ್ಲ.

ಹಾಗಂತ ಹೊಸ ವರ್ಷನ್‌ನಿಂದ ಸ್ಪೀಡೇ ಸಿಗಲ್ಲ ಅಂತಲ್ಲ. ಇಂಡೆಕ್ಸ್ ಇಲ್ಲದ ಎರಡು ದೊಡ್ಡ ಟೇಬಲ್ ಜಾಯಿನ್ ಮಾಡೋ, ಅಂದ್ರೆ ಜೋಡಿಸಿ ನೋಡೋ ಕಡೆ 8.0.18ರಲ್ಲಿ ಬಂದ ಹ್ಯಾಷ್ ಜಾಯಿನ್ ಅನ್ನೋ ಹೊಸ ವಿಧಾನ ನಿಜವಾಗ್ಲೂ ಸಹಾಯ ಮಾಡತ್ತೆ, ಒಂದೇ ಸಲಕ್ಕೆ ನೂರಾರು ಜನ ಎಂಟ್ರಿ ಮಾಡೋ ಕಡೆನೂ ಲಾಭ ಇದೆ. ನಿಮ್ಮ ಸಂಘದಲ್ಲಿ ನಾಲ್ಕೈದು ಕೌಂಟರ್ ಇರ್ಬಹುದು, ಅಷ್ಟಕ್ಕೆ ಅದು ಕಾಣಲ್ಲ. ಕಡಿಮೆ ಕನೆಕ್ಷನ್, ಸಣ್ಣ ಸಣ್ಣ ಕ್ವೆರಿ ಇರೋ ಕಡೆ 8.0 ಹಳೇದಕ್ಕಿಂತ ಸ್ವಲ್ಪ ನಿಧಾನವೇ ಅಂತ ಮಾರ್ಕ್ ಕ್ಯಾಲಘನ್ ಥರದ ಅನುಭವಿ ಎಂಜಿನಿಯರ್‌ಗಳು ಅಳೆದು ತೋರಿಸಿದಾರೆ. ಜೊತೆಗೆ 8.0ರಲ್ಲಿ ಪ್ರತಿ ಬದಲಾವಣೆಯನ್ನೂ ಬರೆದಿಡೋ ಬೈನರಿ ಲಾಗ್ ತಾನಾಗೇ ಆನ್ ಇರತ್ತೆ, ಹಳೇ ಹಾರ್ಡ್‌ಡಿಸ್ಕ್ ಇದ್ರೆ ಪ್ರತಿ ಎಂಟ್ರಿ ಸೇವ್ ಆಗೋದೂ ಭಾರ ಅನ್ನಿಸ್ಬಹುದು.

ಕಮಿಟಿಗೆ ಹೀಗೆ ಹೇಳಿ. ನಿನ್ನೆ ರಾತ್ರಿಯ ಬ್ಯಾಕಪ್ ತಗೊಂಡು ಬೇರೆ ಒಂದು ಕಂಪ್ಯೂಟರ್‌ನಲ್ಲಿ 5.7 ಹಾಕಿ, ಲಾಗ್‌ನಲ್ಲಿ ಸಿಕ್ಕ ಕ್ವೆರಿಗಳನ್ನ ಐದೈದು ಸಲ ಓಡಿಸಿ ಟೈಮ್ ಬರ್ಕೊಳ್ಳಿ, ಮೊದಲನೇದು ಲೆಕ್ಕಕ್ಕೆ ಬೇಡ, ಡಿಸ್ಕ್‌ನಿಂದ ಓದೋದ್ರಿಂದ ಅದು ಯಾವಾಗ್ಲೂ ನಿಧಾನ. ಅದೇ ಕಂಪ್ಯೂಟರ್‌ನಲ್ಲಿ ಅದೇ ಸೆಟ್ಟಿಂಗ್ ಇಟ್ಟು ಹೊಸ ವರ್ಷನ್‌ನಲ್ಲೂ ಅದೇ ಕ್ವೆರಿ. ಎರಡರ ಟೈಮ್ ಪಕ್ಕಪಕ್ಕ ಬರೆದು ಮೀಟಿಂಗ್‌ನಲ್ಲಿ ಇಡಿ, ಸ್ಪೀಡ್ ಆಗತ್ತೆ ಅಂತ ದುಡ್ಡು ಕೇಳೋರು ಆ ಹಾಳೆ ಮುಂದೆ ಮಾತಾಡ್ಲಿ. ಅಪ್‌ಗ್ರೇಡ್ ಮಾಡೋದಾದ್ರೆ 8.0ಗೇ ನಿಲ್ಲಿಸ್ಬೇಡಿ, ಅದರ ಸಪೋರ್ಟ್ 2026ರ ಏಪ್ರಿಲ್‌ವರೆಗೆ ಮಾತ್ರ. ಇದ್ದ ಜಾಗದಲ್ಲೇ ಏರಿಸೋದಾದ್ರೆ 5.7ರಿಂದ ಅದರ ಮುಂದಿನ 8.4ಕ್ಕೆ ನೇರ ಹೋಗೋಕಾಗಲ್ಲ, 8.0 ಮೂಲಕ ಹೋಗಿ. ಏರಿದ ಮೇಲೆ ಹಿಂದಕ್ಕೆ ಇಳಿಯೋ ದಾರಿ ಇಲ್ಲ, ಬ್ಯಾಕಪ್ ಒಂದೇ ಗತಿ, ಹಾಗಾಗಿ ಮಾರ್ಚ್‌ನಲ್ಲಿ ದಯವಿಟ್ಟು ಕೈ ಹಾಕ್ಬೇಡಿ.

ಪ್ರಶ್ನೆ: ನಮ್ಮದು ಪೋಸ್ಟ್‌ಗ್ರೆಸ್ ಅನ್ನೋ ಬೇರೆ ಡೇಟಾಬೇಸ್. ವರ್ಷನ್ 11ರಿಂದ 16ಕ್ಕೆ ಅದರದೇ ಪಿಜಿ ಅಪ್‌ಗ್ರೇಡ್ ಅನ್ನೋ ಟೂಲ್ ಬಳಸಿ ಹೋದ್ವಿ, ಬೆಳಿಗ್ಗೆಯಿಂದ ಎಲ್ಲಾ ಪೇಜ್ ನಿಧಾನ. ವಾಪಸ್ ಹೋಗೋದಾ?
— ಬೆಂಗಳೂರಿನ ಓದುಗರು

ಉತ್ತರ: ತಡೀರಿ, ಅನಲೈಜ್ ಓಡಿಸಿದ್ರಾ? ಟೇಬಲ್‌ನಲ್ಲಿ ಎಷ್ಟು ಸಾಲಿದೆ, ಯಾವ ಮೌಲ್ಯ ಎಷ್ಟು ಸಲ ಬರತ್ತೆ ಅನ್ನೋ ಅಂಕಿಅಂಶ ಸೇರಿಸೋದು ಅನಲೈಜ್ ಕಮಾಂಡ್, ಅದನ್ನ ನೋಡಿಯೇ ಡೇಟಾಬೇಸ್‌ನ ಪ್ಲಾನರ್ ಕ್ವೆರಿ ಓಡಿಸೋ ದಾರಿ ಆರಿಸೋದು, 17ರವರೆಗೂ ಪಿಜಿ ಅಪ್‌ಗ್ರೇಡ್ ಆ ಅಂಕಿಅಂಶ ಹೊಸದಕ್ಕೆ ತಗೊಂಡು ಬರಲ್ಲ, 18ರಿಂದ ಬರತ್ತೆ. ಈಗ ನಿಮ್ಮ ಡೇಟಾಬೇಸ್ ಅಂದಾಜಿನ ಮೇಲೆ ಓಡ್ತಿದೆ. ಎಲ್ಲಾ ಡೇಟಾಬೇಸ್‌ಗೂ ಅನಲೈಜ್ ಮಾಡಿ ನೋಡಿ. ಆಮೇಲೂ ಒಂದೆರಡು ರಿಪೋರ್ಟ್ ಮಾತ್ರ ನಿಧಾನ ಅನ್ನಿಸಿದ್ರೆ ಜಿಟ್ (ಕ್ವೆರಿ ಓಡೋವಾಗಲೇ ಅದನ್ನ ಮೆಷಿನ್ ಕೋಡ್‌ಗೆ ಬದಲಾಯಿಸೋ ಸೌಲಭ್ಯ) ಆಫ್ ಮಾಡಿ ಹೋಲಿಸಿ, ಅದು 12ರಿಂದ ಡಿಫಾಲ್ಟ್ ಆನ್.

ಪ್ರಶ್ನೆ: ಮೈಎಸ್‌ಕ್ಯೂಎಲ್ ಅಪ್‌ಗ್ರೇಡ್ ಮಾಡಿದ್ರೆ ಕನ್ನಡದಲ್ಲಿ ಟೈಪ್ ಮಾಡಿಟ್ಟ ಹೆಸರುಗಳು ಹಾಳಾಗತ್ವಾ?
— ಹಾಸನದ ಓದುಗರು

ಉತ್ತರ: ಸರಿಯಾಗಿ ಸೇವ್ ಆಗಿದ್ರೆ ಏನೂ ಆಗಲ್ಲ. ಕನ್ನಡದ ಪ್ರತಿ ಯೂನಿಕೋಡ್ ಅಕ್ಷರಕ್ಕೆ ಯುಟಿಎಫ್ 8ರಲ್ಲಿ (ಎಲ್ಲಾ ಭಾಷೆಯ ಅಕ್ಷರ ಸೇವ್ ಮಾಡೋ ಪದ್ಧತಿ) ಮೂರು ಬೈಟ್, ಹಳೇ ಮೂರು ಬೈಟ್ ಯುಟಿಎಫ್ 8ರಲ್ಲೂ ಅದು ಹಿಡಿಸ್ತಿತ್ತು, ಹಿಡಿಸದೇ ಇದ್ದಿದ್ದು ಇಮೋಜಿ. ಭಯ ಇರೋದು ಕಾಲಮ್ ಇಂಗ್ಲಿಷ್ ಥರದ ಭಾಷೆಗಳಿಗಷ್ಟೇ ಮಾಡಿದ ಲ್ಯಾಟಿನ್ 1 ಆಗಿದ್ದು ಅದರೊಳಗೆ ಕನ್ನಡ ತುಂಬಿದ್ರೆ. ಇವತ್ತು ಸ್ಕ್ರೀನ್ ಮೇಲೆ ಸರಿಯಾಗೇ ಕಾಣತ್ತೆ, 8.0 ಬಂದು ಕನೆಕ್ಷನ್ ಯುಟಿಎಫ್ 8ಕ್ಕೆ ತಿರುಗಿದ ದಿನ ಹೆಸರಿನ ಜಾಗದಲ್ಲಿ ತಲೆ ಮೇಲೆ ಗೆರೆ ಇರೋ ಇಂಗ್ಲಿಷ್ ಎ ಅಕ್ಷರದ ಸಾಲೇ ಬರತ್ತೆ. ಈಗ್ಲೇ ಪರೀಕ್ಷೆ ಮಾಡಿ. ಟೇಬಲ್‌ನಲ್ಲಿ ಅಡಿಕೆ ಅಂತ ಒಂದು ಸಾಲು ಸಾಫ್ಟ್‌ವೇರ್‌ನಿಂದಲೇ ಸೇರಿಸಿ, ಆ ಸಾಲಿನ ಮೇಲೆ ಅಕ್ಷರ ಎಣಿಸೋ ಕ್ಯಾರ್ ಲೆಂತ್ ಫಂಕ್ಷನ್ ಓಡಿಸಿ. ಅ, ಡ, ಗುಡಿಸು, ಕ, ಎತ್ವ ಸೇರಿ 5 ಬರ್ಬೇಕು. 15 ಬಂದ್ರೆ ಒಳಗೆ ತಪ್ಪಾಗಿ ಕೂತಿದೆ ಅಂತ ಅರ್ಥ, ಮೊದಲು ಅದನ್ನ ಸರಿಮಾಡಿಸಿ ಆಮೇಲೆ ಅಪ್‌ಗ್ರೇಡ್ ವಿಷಯ ನೋಡಿ.